ಲೆಕ್ಕ ಸರಿ ಇದೆ, ಐಸ್ ಯಾಕೆ ಸಾಲುತ್ತಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ನಾನು ತೀರ್ಥಹಳ್ಳಿ ಕಡೆಯವನು, ಎಂಟು ವರ್ಷದಿಂದ ಮೀನು ವ್ಯಾಪಾರ ಮಾಡುತ್ತಿದ್ದೇನೆ. ರಾತ್ರಿ ಎರಡು ಗಂಟೆಗೆ ಪಿಕಪ್ ತಗೊಂಡು ಮಲ್ಪೆಗೆ ಹೋಗುತ್ತೇನೆ. ಬಂಗುಡೆ, ಬೂತಾಯಿ ಸೇರಿ 100 ಕಿಲೋ ಮೀನು ತೆಗೆದುಕೊಂಡು, 50 ಕಿಲೋದ ಒಂದು ಬ್ಲಾಕ್ ಐಸ್ ಪುಡಿ ಮಾಡಿಸಿ, ನಾಲ್ಕು ಪ್ಲಾಸ್ಟಿಕ್ ಕ್ರೇಟಿಗೆ ತುಂಬುತ್ತೇನೆ. ಮೇಲೆ ಟಾರ್ಪಾಲು ಹೊದೆಸಿ ಐದೂವರೆಗೆ ಹೊರಟರೆ, ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿ ಮುಟ್ಟುವಾಗ ಎಂಟೂವರೆ. ಅಷ್ಟರಲ್ಲಿ ಐಸ್ ಖಾಲಿ. ಹಳ್ಳಿ ತಿರುಗಿ ಮುಗಿಸುವಾಗ ಮಧ್ಯಾಹ್ನ ಒಂದು ಗಂಟೆ. ಕೊನೆಯ 20 ಕಿಲೋ ಮೀನು ಮೆತ್ತಗಾಗಿ ಅರ್ಧ ರೇಟಿಗೆ ಕೊಡಬೇಕಾಗುತ್ತದೆ. ವಿಚಿತ್ರ ಏನೆಂದರೆ, ಕೆಲವು ದಿನ ಅಷ್ಟೇ ಐಸ್ ಹನ್ನೊಂದೂವರೆ ತನಕ ಬರುತ್ತದೆ. ನನ್ನ ಮಗಳು ಫಸ್ಟ್ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ಅವಳು ಲೆಕ್ಕ ಹಾಕಿ, 'ಅಪ್ಪಾ, 35 ಕಿಲೋ ಐಸ್ ಸಾಕು, 15 ಕಿಲೋ ಉಳಿಯಬೇಕು' ಅಂತಾಳೆ. ಅವಳಿಗೂ ಒಂದು ಅನುಮಾನ ಇದೆ. ಮೈನಸ್ 10 ಡಿಗ್ರಿಯ 1 ಕಿಲೋ ಐಸ್ 30 ಡಿಗ್ರಿ ನೀರಾಗಲು ಎಷ್ಟು ಶಾಖ ಬೇಕು ಅನ್ನುವ ಲೆಕ್ಕಕ್ಕೆ ಅವಳಿಗೆ 167 ಬಂತು, ಪುಸ್ತಕದಲ್ಲಿ 480 ಕಿಲೋಜೂಲ್ ಅಂತ ಇದೆ. ನನಗೆ ಜನ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಐಸಿಗೆ ಉಪ್ಪು ಹಾಕು, ಜಾಸ್ತಿ ಹೊತ್ತು ಬರುತ್ತೆ ಅಂತ ಒಬ್ಬರು. ಪುಡಿ ಮಾಡಬೇಡ, ಬ್ಲಾಕ್ ಹಾಗೇ ಇಡು ಅಂತ ಇನ್ನೊಬ್ಬರು. ಗಟ್ಟಿ ಐಸ್ ಕೊಡುವ ಪ್ಲಾಂಟ್ ಹುಡುಕು ಅಂತ ಮತ್ತೊಬ್ಬರು. ಯಾವುದು ನಿಜ?

ಉತ್ತರ: ನಿಮ್ಮ ಪತ್ರ ಓದಿ ನಿಜವಾಗಿಯೂ ಖುಷಿಯಾಯಿತು. ಹೊರಡುವ ಹೊತ್ತು, ಐಸ್ ಮುಗಿಯುವ ಹೊತ್ತು, ಮೀನಿನ ತೂಕ, ಐಸಿನ ತೂಕ ಎಲ್ಲ ಬರೆದಿದ್ದೀರಿ. ಇಷ್ಟು ಸಿಕ್ಕರೆ ಊಹೆ ಮಾಡಬೇಕಾಗಿಲ್ಲ, ಲೆಕ್ಕವನ್ನೇ ಹಾಕಬಹುದು. ನಾನು ಕರಾವಳಿಯ ಐಸ್ ಪ್ಲಾಂಟ್‌ಗಳಲ್ಲಿ ಕಂಪ್ರೆಸರ್, ಬ್ರೈನ್ ಟ್ಯಾಂಕ್ (ಉಪ್ಪುನೀರಿನ ಟ್ಯಾಂಕ್) ನೋಡಿಕೊಂಡು ಕೂದಲು ಹಣ್ಣು ಮಾಡಿಕೊಂಡವನು. ಈ ಪ್ರಶ್ನೆಯನ್ನು ಬೋಟಿನಿಂದ ಮೀನು ಇಳಿಸುವ ದಕ್ಕೆಯಲ್ಲಿ ನೂರಾರು ಜನ ಕೇಳಿದ್ದಾರೆ. ಆದರೆ ಮಗಳ ಕೈಯಲ್ಲಿ ಲೆಕ್ಕ ಹಾಕಿಸಿ ಕೇಳಿದವರು ನೀವೇ ಮೊದಲು.

ನೇರವಾಗಿ ಹೇಳಿಬಿಡುತ್ತೇನೆ. ಮಗಳ ಲೆಕ್ಕದ ದಾರಿ ಸರಿ ಇದೆ. ಐಸ್ ಮಾಡುವವರು ನಿಮಗೆ ಮೋಸ ಮಾಡುತ್ತಿಲ್ಲ. ಅವಳು ಹಾಕಿದ್ದು ಮೀನು ತಣ್ಣಗಾಗಲು ಬೇಕಾದ ಐಸಿನ ಲೆಕ್ಕ ಮಾತ್ರ. ನಿಮ್ಮ ಕ್ರೇಟಿನ ಗೋಡೆ ದಾಟಿ ಗಂಟೆ ಗಂಟೆಗೂ ಒಳಗೆ ನುಗ್ಗುವ ಶಾಖದ ಲೆಕ್ಕ ಅದರಲ್ಲಿ ಇಲ್ಲ. ನಿಮ್ಮ ಐಸ್ ಮುಗಿಯುತ್ತಿರುವುದು ಅಲ್ಲಿ.

ಮೊದಲು ಮಗಳ ಅನುಮಾನ ಬಗೆಹರಿಸೋಣ. ಅದು ಅರ್ಥವಾದರೆ ನಿಮ್ಮ ಕ್ರೇಟಿನ ಕಥೆ ತಾನಾಗಿ ಅರ್ಥವಾಗುತ್ತದೆ.

ಅವಳು ಮೈನಸ್ 10ರಿಂದ 30ರ ತನಕ 40 ಡಿಗ್ರಿ, ನೀರಿನ ವಿಶಿಷ್ಟೋಷ್ಣ (1 ಕಿಲೋ 1 ಡಿಗ್ರಿ ಏರಲು ಬೇಕಾದ ಶಾಖ) 4.18 ಕಿಲೋಜೂಲ್, ಗುಣಿಸಿದರೆ 167 ಅಂತ ಒಂದೇ ಏಟಿಗೆ ಮುಗಿಸಿದ್ದಾಳೆ. ಶಾಖ ಕೊಟ್ಟರೆ ಡಿಗ್ರಿ ಏರಲೇಬೇಕು ಅಂತ ನಾವೆಲ್ಲ ನಂಬಿಕೊಂಡಿರುತ್ತೇವೆ. ಹಾಗಾಗಿ ಈ ತಪ್ಪು ಎಲ್ಲರೂ ಮಾಡುತ್ತಾರೆ. ಆದರೆ ಐಸ್ ನೀರಾಗುವ ದಾರಿಯಲ್ಲಿ ಮೂರು ಮೆಟ್ಟಿಲು ಇವೆ. ಒಂದೊಂದು ಮೆಟ್ಟಿಲಿಗೂ ಬೇರೆ ಲೆಕ್ಕ.

ಮೈನಸ್ 10 ಡಿಗ್ರಿಯ ಐಸ್ ಮೊದಲು ಐಸ್ ಆಗಿಯೇ ಸೊನ್ನೆಗೆ ಬರಬೇಕು. ಐಸಿನ ವಿಶಿಷ್ಟೋಷ್ಣ ನೀರಿನದರ ಅರ್ಧ, ಕಿಲೋಗೆ ಡಿಗ್ರಿಗೆ 2.1 ಕಿಲೋಜೂಲ್. 10 ಡಿಗ್ರಿಗೆ 21 ಕಿಲೋಜೂಲ್ ಆಯಿತು. ಎರಡನೇ ಮೆಟ್ಟಿಲಲ್ಲಿ ಸೊನ್ನೆ ಡಿಗ್ರಿಯ ಐಸ್ ಸೊನ್ನೆ ಡಿಗ್ರಿಯ ನೀರಾಗಬೇಕು. ಡಿಗ್ರಿ ಒಂದು ಕೂದಲೆಳೆಯಷ್ಟೂ ಏರುವುದಿಲ್ಲ, ಆದರೆ 334 ಕಿಲೋಜೂಲ್ ಹೋಗುತ್ತದೆ. ಇದನ್ನೇ ಪುಸ್ತಕದಲ್ಲಿ ಗುಪ್ತೋಷ್ಣ ಅನ್ನುತ್ತಾರೆ. ಮೂರನೆಯದು ಸುಲಭ. ಸೊನ್ನೆಯ ನೀರು 30 ಡಿಗ್ರಿಗೆ ಬರಲು 4.18 ಗುಣಿಸು 30, ಅಂದರೆ 125. ಮೂರನ್ನೂ ಕೂಡಿದರೆ 480. ಪುಸ್ತಕ ಸರಿ.

ಈಗ ಮಗಳಿಗೆ ಒಂದು ವಿಷಯ ತೋರಿಸಿ. 480ರಲ್ಲಿ 334 ನಡುವಿನ ಮೆಟ್ಟಿಲೊಂದೇ ತಿಂದಿದೆ. ಥರ್ಮಾಮೀಟರ್ ಅಲ್ಲಾಡದೆ ಸುಮ್ನೆ ನಿಂತಿರುವ ಹೊತ್ತಿನಲ್ಲೇ ಅತಿ ಹೆಚ್ಚು ಶಾಖ ಒಳಗೆ ಹೋಗುತ್ತದೆ. ಆ ಶಾಖ ಎಲ್ಲಿಗೆ ಹೋಯಿತು? ಐಸಿನಲ್ಲಿ ನೀರಿನ ಕಣಗಳು ಒಂದರ ಕೈ ಇನ್ನೊಂದು ಹಿಡಿದುಕೊಂಡು ಸಾಲಾಗಿ ನಿಂತಿರುತ್ತವೆ. ಆ ಹಿಡಿತ ಬಿಡಿಸುವುದಕ್ಕೇ ಶಾಖ ಖರ್ಚಾಗುತ್ತದೆ. ಹಿಡಿತ ಪೂರ್ತಿ ಬಿಡುವ ತನಕ ಡಿಗ್ರಿ ಏರಿಸಲು ಏನೂ ಉಳಿಯುವುದಿಲ್ಲ.

ನಮ್ಮ ಪ್ಲಾಂಟಿಗೆ ಹೊಸ ಹುಡುಗರು ಸೇರಿದಾಗ ನಾನು ಒಂದು ಆಟ ಆಡಿಸುತ್ತಿದ್ದೆ. ಸ್ಟೀಲ್ ಬಕೆಟಿನಲ್ಲಿ 5 ಕಿಲೋ ಪುಡಿ ಐಸ್. ಇನ್ನೊಂದರಲ್ಲಿ ಹಬೆಯಾಡುವ 5 ಕಿಲೋ ನೀರು, ಸರಿಯಾಗಿ 80 ಡಿಗ್ರಿ. ಎರಡನ್ನೂ ಸೇರಿಸಿದರೆ ಎಷ್ಟು ಡಿಗ್ರಿ ಬರುತ್ತದೆ ಅಂತ ಕೇಳುತ್ತಿದ್ದೆ. ಎಲ್ಲರೂ 40 ಅನ್ನುತ್ತಿದ್ದರು. ಸುರಿದು ಕಲಕಿ, ಐಸ್ ಪೂರ್ತಿ ಕರಗಿದ ಮೇಲೆ ಕೈ ಹಾಕಿ ಅಂದರೆ ಬೆಚ್ಚಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಬೆರಳು ಮರಗಟ್ಟುವಷ್ಟು ತಣ್ಣಗೆ. ಥರ್ಮಾಮೀಟರ್ 2 ಡಿಗ್ರಿ ತೋರಿಸುತ್ತಿತ್ತು. 80 ಡಿಗ್ರಿ ನೀರಿನ ಬಿಸಿಯನ್ನೆಲ್ಲ ಅಷ್ಟೇ ತೂಕದ ಐಸ್ ನುಂಗಿಬಿಟ್ಟಿತ್ತು. ಗಾಳಿಯಿಂದ, ಬಕೆಟಿನಿಂದ ಸ್ವಲ್ಪ ಶಾಖ ಬಂದದ್ದಕ್ಕೆ 2 ಡಿಗ್ರಿ, ಇಲ್ಲದಿದ್ದರೆ ಸರಿಯಾಗಿ ಸೊನ್ನೆ. 334ನ್ನು 4.18ರಿಂದ ಭಾಗಿಸಿ ನೋಡಿ, 80 ಬರುತ್ತದೆ.

ಮನೆಯಲ್ಲಿ ಮಾಡುವುದಾದರೆ ಅಷ್ಟು ಬಿಸಿ ನೀರು ಬೇಡ. 1 ಕಿಲೋ ಪುಡಿ ಐಸಿಗೆ 50 ಡಿಗ್ರಿಯ 1 ಲೀಟರ್ ನೀರು ಹಾಕಲಿ. ಚೆನ್ನಾಗಿ ಕಲಕಿದ ಮೇಲೂ 350 ಗ್ರಾಂ ಆಸುಪಾಸು ಐಸ್ ತೇಲುತ್ತಾ ಇರುತ್ತದೆ. ಅದನ್ನು ಜರಡಿ ಹಿಡಿದು ತೂಗಿ, ಅಷ್ಟೇ ಯಾಕೆ ಉಳಿಯಿತು ಅಂತ ಅವಳೇ ಲೆಕ್ಕ ಹಾಕಲಿ.

ಈ ಗುಪ್ತೋಷ್ಣವನ್ನು ಮೊದಲು ಅಳೆದವರು ಜೋಸೆಫ್ ಬ್ಲ್ಯಾಕ್. 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮೇಷ್ಟರಾಗಿದ್ದರು. ಅವರ ತಲೆಗೆ ಬಂದ ಪ್ರಶ್ನೆ ಬಹಳ ಸರಳ. ಚಳಿಗಾಲ ಮುಗಿದು ಬಿಸಿಲು ಬಂದ ಮೇಲೂ ಬೆಟ್ಟದ ಹಿಮ ವಾರಗಟ್ಟಲೆ ಯಾಕೆ ಉಳಿಯುತ್ತದೆ? ಸೊನ್ನೆ ಡಿಗ್ರಿ ದಾಟಿದ ಕೂಡಲೇ ಹಿಮವೆಲ್ಲ ನೀರಾಗುವಂತಿದ್ದರೆ ಪ್ರತಿ ವರ್ಷ ಊರೂರೇ ಕೊಚ್ಚಿಕೊಂಡು ಹೋಗಬೇಕಿತ್ತು, ಅಲ್ವಾ? ಹಾಗಾಗುತ್ತಿಲ್ಲ ಅಂದರೆ ಕರಗಲು ಬೇರೆಯಾಗಿ ಶಾಖ ಬೇಕು ಅಂತ ಅವರು ಹಿಡಿದರು. ನಿಮ್ಮ ವ್ಯಾಪಾರ ನಿಂತಿರುವುದೂ ಅದರ ಮೇಲೆಯೇ. ನೀವು ದುಡ್ಡು ಕೊಟ್ಟು ಕೊಳ್ಳುತ್ತಿರುವುದು ಐಸಿನ ತಂಪನ್ನಲ್ಲ, ಅದು ಕರಗುವಾಗ ನುಂಗುವ 334 ಕಿಲೋಜೂಲನ್ನು.

ಈಗ ಕ್ರೇಟಿಗೆ ಬರೋಣ. ನಮ್ಮ ಕಡೆ ಸಮುದ್ರದ ಮೇಲ್ನೀರು 28 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಐಸ್ ಕಾಣದ ಮೀನೂ ಅಷ್ಟೇ ಬಿಸಿ. 100 ಕಿಲೋ ಮೀನನ್ನು 28ರಿಂದ ಸೊನ್ನೆ ಹತ್ತಿರಕ್ಕೆ ತರಬೇಕು. ಮಗಳು ಮೀನಿಗೂ ನೀರಿನ 4.18 ಹಾಕಿದ್ದರಿಂದ 35 ಕಿಲೋ ಬಂತು. ಮೀನಿನಲ್ಲಿ ನೀರು ಜಾಸ್ತಿ ನಿಜ, ಆದರೆ ಮಾಂಸ, ಎಣ್ಣೆ, ಮುಳ್ಳು ಕೂಡ ಇದೆ. 3.6 ಹಿಡಿದರೆ ಸರಿಯಾಗುತ್ತದೆ. 100 ಗುಣಿಸು 3.6 ಗುಣಿಸು 28, ಅಂದರೆ 10,080 ಕಿಲೋಜೂಲ್. 334ರಿಂದ ಭಾಗಿಸಿದರೆ 30 ಕಿಲೋ ಐಸ್.

ಇದನ್ನು ಹೀಗೆ ನೆನಪಿಟ್ಟುಕೊಳ್ಳಿ: 100 ಕಿಲೋ ಮೀನು ಒಂದು ಡಿಗ್ರಿ ಇಳಿಯಲು ಸುಮಾರು 1.1 ಕಿಲೋ ಐಸ್. ದಕ್ಕೆಯಲ್ಲಿ ನಿಂತು ಬೆರಳಲ್ಲೇ ಲೆಕ್ಕ ಹಾಕಬಹುದು.

50 ಕಿಲೋ ಬ್ಲಾಕಿನಲ್ಲಿ ಪುಡಿ ಮಾಡುವಾಗ, ತುಂಬುವಾಗ ಚೆಲ್ಲಿ ಕರಗಿ ಮೂರು ಕಿಲೋ ಹೋಗುತ್ತದೆ. ಉಳಿದ 47ರಲ್ಲಿ ಮೀನಿಗೆ 30 ಹೋದರೆ ಕೈಯಲ್ಲಿ 17 ಕಿಲೋ. ಈ 17 ಕಿಲೋ ನಿಮ್ಮನ್ನು ಮಧ್ಯಾಹ್ನ ಒಂದು ಗಂಟೆ ತನಕ ಕಾಯಬೇಕು.

ಕಾಯುತ್ತದಾ? ನಾಲ್ಕು ಕ್ರೇಟನ್ನು ಎರಡರ ಮೇಲೆ ಎರಡು ಜೋಡಿಸಿದರೆ ಹೊರಗಿನ ಮೈ ಸುಮಾರು 2.75 ಚದರ ಮೀಟರ್ ಆಗುತ್ತದೆ. ಕ್ರೇಟಿನ ಗೋಡೆ ತೆಳು ಪ್ಲಾಸ್ಟಿಕ್. ಚಲಿಸುವ ಗಾಡಿಯಲ್ಲಿ ಟಾರ್ಪಾಲಿನ ಕೆಳಗಿಂದಲೂ ಗಾಳಿ ನುಗ್ಗುತ್ತದೆ. ಇಂಥ ಕಡೆ ಒಂದು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ 8 ವ್ಯಾಟ್ ಶಾಖ ಒಳಗೆ ಬರುತ್ತದೆ ಅಂತ ನಾನು ಹಿಡಿಯುತ್ತೇನೆ. ಇದು ಅಂದಾಜು, ಆದರೆ ಬಹಳ ದೂರದ್ದಲ್ಲ. ಬೆಳಗಿನ ಗಾಳಿ 26 ಡಿಗ್ರಿ, ಒಳಗೆ ಸೊನ್ನೆ. 2.75 ಗುಣಿಸು 8 ಗುಣಿಸು 26 ಅಂದರೆ 572 ವ್ಯಾಟ್. ಅರ್ಧಕ್ಕಿಂತ ಜಾಸ್ತಿ ಉರಿಯುವ ಇಸ್ತ್ರಿ ಪೆಟ್ಟಿಗೆಯನ್ನು ಮೀನಿನ ನಡುವೆ ಇಟ್ಟಂತೆ. ಗಂಟೆಗೆ 2,060 ಕಿಲೋಜೂಲ್, ಅಂದರೆ 6 ಕಿಲೋ ಐಸ್.

17ನ್ನು 6ರಿಂದ ಭಾಗಿಸಿ. ಮೂರು ಗಂಟೆಗೆ ಸ್ವಲ್ಪ ಕಡಿಮೆ. ಐದೂವರೆಗೆ ಹೊರಟವರಿಗೆ ಎಂಟೂವರೆಗೆ ಐಸ್ ಖಾಲಿ. ನೀವು ಬರೆದದ್ದೂ ಅದೇ.

ಹಾಗಾದರೆ ಕೆಲವು ದಿನ ಹನ್ನೊಂದೂವರೆ ತನಕ ಹೇಗೆ ಬರುತ್ತದೆ? ಆ ದಿನ ಯಾವ ಬೋಟಿನ ಮೀನು ತಂದಿರಿ ಅಂತ ನೆನಪು ಮಾಡಿಕೊಳ್ಳಿ. ದಿನಗಟ್ಟಲೆ ಸಮುದ್ರದಲ್ಲಿದ್ದು ಬರುವ ಟ್ರಾಲ್ ಬೋಟಿನವರು ಹೊರಡುವಾಗಲೇ ಐಸ್ ತುಂಬಿಕೊಂಡು ಹೋಗಿರುತ್ತಾರೆ. ಅಲ್ಲಿಂದ ಇಳಿಯುವ ಮೀನು ಮೊದಲೇ ತಣ್ಣಗಿರುತ್ತದೆ. ಏಲಂ ಕೂಗಿ ಮುಗಿಯುವಷ್ಟರಲ್ಲಿ ಒಂದಿಷ್ಟು ಬಿಸಿ ಹಿಡಿದರೂ 8 ಡಿಗ್ರಿ ಇರಬಹುದು. ಆಗ ಮೀನಿಗೆ ಬೇಕಾಗುವ ಐಸ್ 30 ಕಿಲೋ ಅಲ್ಲ, ಬರೀ 9 ಕಿಲೋ. ಉಳಿದ 38 ಕಿಲೋ ಗಂಟೆಗೆ 6ರಂತೆ ಆರು ಗಂಟೆ ಬರುತ್ತದೆ. ಐದೂವರೆಗೆ ಆರು ಕೂಡಿಸಿ, ಹನ್ನೊಂದೂವರೆ. ಹತ್ತಿರದಲ್ಲೇ ಬಲೆ ಹಾಕಿ ಅಂದೇ ಬಂದ ಬಂಗುಡೆ, ಬೂತಾಯಿ ಹೊಳೆಯುತ್ತಾ ಚೆಂದ ಕಾಣುತ್ತದೆ, ಆದರೆ ಅದರೊಳಗೆ ಸಮುದ್ರದ ಬಿಸಿಯೆಲ್ಲ ಹಾಗೇ ಇರಬಹುದು. ಒಂದು ಚುಚ್ಚುವ ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ. ಮೀನು ಕೊಂಡ ಕೂಡಲೇ ಬೆನ್ನಿನ ದಪ್ಪ ಭಾಗಕ್ಕೆ ಚುಚ್ಚಿ ನೋಡಿ, ಆಮೇಲೆ ಎಷ್ಟು ಐಸ್ ಅಂತ ತೀರ್ಮಾನ ಮಾಡಿ. ಈ ಪತ್ರದಿಂದ ನೀವು ಒಂದೇ ಮಾತು ತೆಗೆದುಕೊಳ್ಳುವುದಾದರೆ ಇದನ್ನೇ ತೆಗೆದುಕೊಳ್ಳಿ.

ಇನ್ನು ಜನ ಹೇಳಿದ ಮಾತುಗಳು.

ಉಪ್ಪು ಹಾಕಿದರೆ ಐಸ್ ಜಾಸ್ತಿ ಹೊತ್ತು ಬರುತ್ತದೆ ಅನ್ನುವುದು ತಪ್ಪು. ನಡೆಯುವುದು ತಿರುಗಾಮುರುಗಾ. ಉಪ್ಪು ಬಿದ್ದ ಐಸ್ ಸೊನ್ನೆಗಿಂತ ಕೆಳಗೇ ಕರಗಲು ಶುರು ಮಾಡುತ್ತದೆ, ಬೇಗ ಕರಗುತ್ತದೆ, ಕರಗುವ ಶಾಖವನ್ನು ಸುತ್ತಲಿಂದ ಎಳೆದುಕೊಂಡು ತಾನು ಇನ್ನೂ ತಣ್ಣಗಾಗುತ್ತದೆ. ಐಸ್ ಜೊತೆ ಸುಮಾರು ಕಾಲು ಭಾಗ ಉಪ್ಪು ಸೇರಿದರೆ ಮೈನಸ್ 21 ಡಿಗ್ರಿ ತನಕ ಇಳಿಯುತ್ತದೆ. ಕುಲ್ಫಿ ಗಾಡಿಯವರಿಗೆ ಬೇಕಾದದ್ದು ಅದೇ, ಅವರು ಮಾಡುವುದು ಸರಿ. ನಿಮಗೆ ಅದು ಬೇಡ. ಮೀನು ಮೈನಸ್ 1–2 ಡಿಗ್ರಿಯಲ್ಲಿ ಹೆಪ್ಪುಗಟ್ಟಲು ಶುರುವಾಗುತ್ತದೆ. ನಿಧಾನವಾಗಿ ಅರ್ಧಂಬರ್ಧ ಹೆಪ್ಪುಗಟ್ಟಿ ಮತ್ತೆ ಬಿಟ್ಟರೆ ಮಾಂಸದೊಳಗೆ ದೊಡ್ಡ ಹರಳು ಎದ್ದು, ಬಿಟ್ಟ ಮೇಲೆ ನೀರೊಡೆದು ಮೆತ್ತಗಾಗುತ್ತದೆ. ಮೇಲಿನ ಸಾಲು ಉಪ್ಪುಪ್ಪಾಗುತ್ತದೆ. ಪೆಟ್ಟಿಗೆ ಒಳಗೆ ಇನ್ನೂ ತಣ್ಣಗಿದ್ದರೆ ಹೊರಗಿನ ಶಾಖವೂ ಇನ್ನೂ ಜೋರಾಗಿ ನುಗ್ಗುತ್ತದೆ. ಉಪ್ಪು ತಂಪಿನ ಮಟ್ಟ ಬದಲಾಯಿಸುತ್ತದೆ ಅಷ್ಟೇ, ತಂಪಿನ ಮೊತ್ತ ಹೆಚ್ಚಿಸುವುದಿಲ್ಲ.

ಬ್ಲಾಕ್ ಹಾಗೇ ಇಟ್ಟರೆ ಜಾಸ್ತಿ ಹೊತ್ತು ಬರುತ್ತದೆ ಅನ್ನುವುದರಲ್ಲಿ ಸತ್ಯ ಇದೆ, ಆದರೆ ಅದರಲ್ಲೇ ಅಪಾಯವೂ ಇದೆ. ಬ್ಲಾಕಿನ ಮೈ ಕಡಿಮೆ, ಹಾಗಾಗಿ ನಿಧಾನ ಕರಗುತ್ತದೆ. ನಿಧಾನ ಕರಗುತ್ತದೆ ಅಂದರೆ ಮೀನಿನ ಬಿಸಿಯನ್ನೂ ನಿಧಾನವಾಗಿಯೇ ಎಳೆಯುತ್ತದೆ. ಐಸ್ ಉಳಿಯಿತು ಅಂತ ನೀವು ಸಂತೋಷಪಡುವ ಹೊತ್ತಿಗೆ ಮೂಲೆಯ ಮೀನು ಇನ್ನೂ 20 ಡಿಗ್ರಿಯಲ್ಲಿರುತ್ತದೆ. ಕಿಲೋ ಲೆಕ್ಕದಲ್ಲಿ ಪುಡಿಗೂ ಬ್ಲಾಕಿಗೂ ಅದೇ 334. ಪುಡಿ ಬೇಗ ಮುಗಿಯುವುದು ತನ್ನ ಕೆಲಸ ಬೇಗ ಮಾಡುವುದರಿಂದ. ಪುಡಿಯೇ ಇರಲಿ, ಸಣ್ಣ ಪುಡಿಯೇ ಇರಲಿ. ದೊಡ್ಡ ಚೂಪು ತುಂಡು ಬೂತಾಯಿಯ ಹೊಟ್ಟೆ ಹರಿಯುತ್ತದೆ.

ಗಟ್ಟಿ ಐಸಿನ ಮಾತನ್ನು ನಾನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅದು ನನ್ನ ಮನೆಯ ವಿಷಯ. ಪ್ಲಾಂಟಿನಲ್ಲಿ ನೀರು ತುಂಬಿದ ತಗಡಿನ ಡಬ್ಬಿಗಳನ್ನು ಮೈನಸ್ 10 ಡಿಗ್ರಿ ಆಸುಪಾಸಿನ ಉಪ್ಪುನೀರಿನ ಟ್ಯಾಂಕಿನಲ್ಲಿ ಮುಳುಗಿಸಿ ಇಡುತ್ತೇವೆ. ಐಸ್ ಗೋಡೆಯಿಂದ ಒಳಗೆ ಬೆಳೆಯುತ್ತಾ ಬರುತ್ತದೆ. ನೀರಿನಲ್ಲಿದ್ದ ಗಾಳಿ, ಲವಣ ಎಲ್ಲವನ್ನೂ ಅದು ಮುಂದಕ್ಕೆ ತಳ್ಳುತ್ತದೆ, ಅದೆಲ್ಲ ನಡುವೆ ಹೋಗಿ ಸಿಕ್ಕಿಕೊಳ್ಳುತ್ತದೆ. ಬ್ಲಾಕಿನ ಹೊರಭಾಗ ಕನ್ನಡಿಯಂತೆ, ಹೊಟ್ಟೆ ಹಾಲಿನಂತೆ ಬೆಳ್ಳಗೆ ಇರುವುದು ಅದಕ್ಕೇ. ಬಿಳಿ ಐಸ್ ಕಳಪೆ ಅಂತ ಜನ ಜಗಳಕ್ಕೆ ಬರುತ್ತಾರೆ. ಅದು ಗಾಳಿಗುಳ್ಳೆ ಅಷ್ಟೇ, ತೂಕಕ್ಕೆ ತಕ್ಕ ತಂಪು ಕೊಡುತ್ತದೆ. ತೂಕ ನೋಡಿ ಕೊಳ್ಳಿ, ಬಣ್ಣ ನೋಡಿ ಅಲ್ಲ.

ಹೊರಗೆ ತೆಗೆದಾಗ ಬ್ಲಾಕ್ ಮೈನಸ್ 8–10 ಇರುತ್ತದೆ. ಮೇಲೆ ನೀರು ಸುರಿದರೆ ಚಟಚಟ ಬಿರುಕು ಬಿಡುವ ಸದ್ದು ನೀವೂ ಕೇಳಿರುತ್ತೀರಿ. ಆ ಹತ್ತು ಡಿಗ್ರಿಯಿಂದ ನಿಮಗೆ ಸಿಗುವುದು ಕಿಲೋಗೆ 21 ಕಿಲೋಜೂಲ್. 334ರ ಪಕ್ಕ ಅದು ನೂರಕ್ಕೆ ಆರು. ಪುಡಿ ಮಾಡುವ ಮೆಷಿನ್ನಿನಲ್ಲೇ ಅದರಲ್ಲಿ ಬಹುಪಾಲು ಹೋಗಿಬಿಡುತ್ತದೆ. ಅದಕ್ಕೋಸ್ಕರ ಬೇರೆ ಪ್ಲಾಂಟ್ ಹುಡುಕಿಕೊಂಡು ಅರ್ಧ ಗಂಟೆ ಸುತ್ತಿದರೆ ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಜಾಸ್ತಿ. ಐಸ್ ಕುಡಿಯುವ ನೀರಿನಿಂದ ಮಾಡಿದ್ದಾ ಅಂತ ಮಾತ್ರ ತಪ್ಪದೇ ಕೇಳಿ.

ನಿಮ್ಮ ಮಗಳಿಗೆ ಇನ್ನೊಂದು. ಪ್ಲಾಂಟಿನಲ್ಲಿ ನಾವು ಮಾಡುವುದು ಅವಳ ಮೂರು ಮೆಟ್ಟಿಲನ್ನೇ ಇಳಿಯುವ ಕೆಲಸ. 28 ಡಿಗ್ರಿಯ 50 ಕಿಲೋ ನೀರು ಮೈನಸ್ 8ರ ಬ್ಲಾಕ್ ಆಗಲು 23,000 ಕಿಲೋಜೂಲಿಗಿಂತ ಜಾಸ್ತಿ ಶಾಖ ಹೊರಗೆ ತೆಗೆಯಬೇಕು. ಅವಳು ಹಾಕಿ ನೋಡಲಿ. ಎಸಿಗೆ ಒಂದೂವರೆ ಟನ್ ಅಂತಾರಲ್ಲ, ಆ ಟನ್ ಬಂದದ್ದೂ ಐಸಿನಿಂದಲೇ. ಅಮೆರಿಕದ ಒಂದು ಟನ್, ಅಂದರೆ 907 ಕಿಲೋ ಐಸ್ ಒಂದು ದಿನದಲ್ಲಿ ಕರಗಿ ಎಷ್ಟು ಶಾಖ ಎಳೆಯುತ್ತದೋ ಅಷ್ಟು, 3.5 ಕಿಲೋವ್ಯಾಟ್.

ಈಗ ನಿಮ್ಮ ಮುಂದೆ ಇರುವ ದಾರಿಗಳು.

ಇರುವ ಕ್ರೇಟಿನಲ್ಲೇ ಮುಂದುವರಿದು ಐಸ್ ಜಾಸ್ತಿ ಮಾಡಬಹುದು. ಮೀನಿಗೆ 30, ಐದೂವರೆಯಿಂದ ಮಧ್ಯಾಹ್ನ ಒಂದರ ತನಕ ಏಳೂವರೆ ಗಂಟೆ ಹೊತ್ತಿಗೆ, ಗಂಟೆಗೆ 6ರಿಂದ 7ರಂತೆ ಸುಮಾರು 50, ಚೆಲ್ಲುವುದಕ್ಕೆ ಒಂದೈದು. ಬಿಸಿ ಮೀನಿನ ದಿನ 85 ಕಿಲೋ ಬೇಕು. ಹೊಸ ಬಂಡವಾಳ ಬೇಡ, ಆದರೆ ದಿನಾ ಖರ್ಚು, ದಿನಾ ಭಾರ. ಅಷ್ಟು ಐಸ್ ನಾಲ್ಕು ಕ್ರೇಟಿನಲ್ಲಿ ಹಿಡಿಸುವುದೂ ಇಲ್ಲ. ನಾನಾದರೆ ಈ ದಾರಿ ಹಿಡಿಯುವುದಿಲ್ಲ.

ಥರ್ಮಾಕೋಲ್ ಪೆಟ್ಟಿಗೆ ಅಗ್ಗ. ಒಂದು ಇಂಚು ದಪ್ಪದ್ದಾದರೂ ಶಾಖದ ನುಗ್ಗಾಟ 8ರಿಂದ ಒಂದೂವರೆಗೆ ಇಳಿಯುತ್ತದೆ. ಗಂಟೆಗೆ 6 ಕಿಲೋ ಕರಗುತ್ತಿದ್ದ ಐಸ್ ಒಂದೂಕಾಲು ಕಿಲೋ ಕರಗುತ್ತದೆ. ಏಳೂವರೆ ಗಂಟೆಗೆ 10 ಕಿಲೋ ಸಾಕು. ನಿಮ್ಮ ಅದೇ 50 ಕಿಲೋ ಬ್ಲಾಕಿನಲ್ಲಿ ಮೀನಿಗೆ 30, ಗೋಡೆಗೆ 10, ಮುಚ್ಚಳ ತೆಗೆದು ಹಾಕಿ ಮಾಡುವುದಕ್ಕೆ ಒಂದೈದು, ಚೆಲ್ಲಿದ್ದು ಮೂರು. ಸರಿಹೋಯಿತು, ಆದರೆ ಕೈಯಲ್ಲಿ ಉಳಿಯುವುದು ಎರಡೇ ಕಿಲೋ. ಬೇಸಿಗೆಯಲ್ಲಿ ಹತ್ತು ಕಿಲೋ ಜಾಸ್ತಿ ಹಾಕಿಕೊಳ್ಳಿ. ಥರ್ಮಾಕೋಲಿನ ತೊಂದರೆ ಬಾಳಿಕೆಯದು. ಘಾಟಿಯ ತಿರುವಿನಲ್ಲಿ ಮೂಲೆ ಒಡೆಯುತ್ತದೆ, ಒಡೆದ ಕಡೆ ನೀರು, ರಕ್ತ ಹೀರಿಕೊಳ್ಳುತ್ತದೆ. ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ಅಂಥದ್ದನ್ನು ಇಟ್ಟುಕೊಳ್ಳಬೇಡಿ.

ಎರಡು ಪದರದ ಪ್ಲಾಸ್ಟಿಕ್ ನಡುವೆ ಪಫ್ ಫೋಮ್ ತುಂಬಿದ ಇನ್ಸುಲೇಟೆಡ್ ಬಾಕ್ಸ್ ದುಬಾರಿ, ಆದರೆ ವರ್ಷಗಟ್ಟಲೆ ಬರುತ್ತದೆ. ಅದರಲ್ಲಿ ಗಂಟೆಗೆ ಒಂದು ಕಿಲೋಗಿಂತ ಕಡಿಮೆ ಐಸ್ ಹೋಗುತ್ತದೆ. ಗಟ್ಟಿ ಮುಚ್ಚಳ, ಕೆಳಗೆ ನೀರು ಬಿಡುವ ಬಿರಡೆ ಇರುವುದನ್ನು ನೋಡಿ ತೆಗೆದುಕೊಳ್ಳಿ. ಎಂಟು ವರ್ಷದಿಂದ ದಿನಾ ಓಡಾಡುತ್ತಿರುವ ನಿಮಗೆ ನಾನು ಹೇಳುವುದು ಇದನ್ನೇ. ದಿನಾ ಅರ್ಧ ರೇಟಿಗೆ ಹೋಗುವ 20 ಕಿಲೋ ಮೀನಿನ ನಷ್ಟವನ್ನು ಒಂದು ಚೀಟಿಯಲ್ಲಿ ಬರೆದು, ಬಾಕ್ಸಿನ ಬೆಲೆಯ ಪಕ್ಕ ಇಟ್ಟು ನೋಡಿ.

ಆದರೆ ಒಂದು ಎಚ್ಚರ. ಬಾಕ್ಸ್ ತಣ್ಣಗೆ ಮಾಡುವುದಿಲ್ಲ, ಒಳಗಿರುವುದನ್ನು ಹಾಗೇ ಇಡುತ್ತದೆ, ಅಷ್ಟೇ. ಬಿಸಿ ಮೀನಿಗೆ ಕಡಿಮೆ ಐಸ್ ಹಾಕಿ ಮುಚ್ಚಿದರೆ ಅದು ಬಿಸಿಯನ್ನೂ ಅಷ್ಟೇ ಚೆನ್ನಾಗಿ ಹಿಡಿದಿಡುತ್ತದೆ. ಹೊಸ ಬಾಕ್ಸ್ ಬಂತು, ಇನ್ನು ಐಸ್ ಅರ್ಧ ಸಾಕು ಅಂತ ಲೆಕ್ಕ ಹಾಕದೆ ಇಳಿಸಿದವರ ಮೀನು ಮುಚ್ಚಳದೊಳಗೇ ಹಾಳಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೀನಿನ ಪಾಲಿನ 30 ಕಿಲೋವನ್ನು ಯಾವ ಬಾಕ್ಸೂ ಕಡಿಮೆ ಮಾಡುವುದಿಲ್ಲ.

ಬಾಕ್ಸ್ ಬರುವ ತನಕ ಕ್ರೇಟಿನ ಮೇಲೆ ಒದ್ದೆ ಗೋಣಿಚೀಲ ಹೊದೆಸಬಹುದು. ನೀರು ಆವಿಯಾಗುವಾಗ ಕಿಲೋಗೆ 2,400 ಕಿಲೋಜೂಲ್ ಎಳೆಯುತ್ತದೆ, ಐಸ್ ಕರಗುವುದರ ಏಳು ಪಟ್ಟು. ಆದರೆ ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ, ಅಲ್ಲಿ ಅದು ಹೆಚ್ಚೇನೂ ಮಾಡದು. ಘಾಟಿ ಹತ್ತಿದ ಮೇಲೆ, ಬೇಸಿಗೆಯ ಒಣ ಗಾಳಿಯಲ್ಲಿ ಪರವಾಗಿಲ್ಲ. ಚೀಲ ದಿನಾ ತೊಳೆದು ಒಣಗಿಸಬೇಕು.

ತುಂಬುವ ಕ್ರಮವೂ ಮುಖ್ಯ. ತಳಕ್ಕೆ ಒಂದು ಹಾಸು ಐಸ್, ಆಮೇಲೆ ಮೀನು, ಐಸ್, ಮೀನು, ಮೇಲೆ ದಪ್ಪ ಐಸ್. ಗೋಡೆಯ ಪಕ್ಕಕ್ಕೂ ಐಸ್ ಇರಲಿ. ಒಳಗೆ ನುಗ್ಗುವ ಶಾಖಕ್ಕೆ ಮೊದಲು ಐಸ್ ಸಿಗಬೇಕು, ಮೀನಲ್ಲ. ಕರಗಿದ ನೀರು ಸೊನ್ನೆ ಡಿಗ್ರಿಯದ್ದೇ, ಮೀನಿನ ನಡುವೆ ಇಳಿಯುತ್ತಾ ಲೋಳೆ ತೊಳೆದುಕೊಂಡು ಹೋಗುತ್ತದೆ. ಅದನ್ನು ತಡೆದು ಇಟ್ಟುಕೊಂಡರೆ ತಂಪು ಉಳಿಯುತ್ತದೆ ಅಂತ ಕೆಲವರು ಬಿರಡೆ ಹಾಕುತ್ತಾರೆ. ಕಿಲೋ ನೀರು 5 ಡಿಗ್ರಿ ಏರುವಾಗ ಎಳೆಯುವುದು 21 ಕಿಲೋಜೂಲ್ ಮಾತ್ರ. ಅಷ್ಟಕ್ಕೋಸ್ಕರ ರಕ್ತ ಬೆರೆತ ನೀರಿನಲ್ಲಿ ಮೀನು ನೆನೆಸುವುದು ಬೇಡ. ನೀರು ಒಂದು ಕ್ಯಾನಿಗೆ ಇಳಿಯುವ ಹಾಗೆ ಪೈಪು ಕೊಡಿ, ರಸ್ತೆಗೆ ಬಿಡಬೇಡಿ. ಘಾಟಿಯಲ್ಲಿ ಹಿಂದೆ ಬೈಕಿನವರು ಬರುತ್ತಿರುತ್ತಾರೆ.

ಕೊನೆಯ 20 ಕಿಲೋ ಬಗ್ಗೆ ಮನಸ್ಸಿನಲ್ಲಿ ಇರುವುದನ್ನು ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬಂಗುಡೆ, ಬೂತಾಯಿ, ಕೇದರೆ (ಟ್ಯೂನಾ) ಇಂಥ ಮೀನುಗಳಲ್ಲಿ ಹಿಸ್ಟಿಡೀನ್ ಅನ್ನುವ ಅಂಶ ಜಾಸ್ತಿ. ಮೀನು ಗಂಟೆಗಟ್ಟಲೆ ಬಿಸಿಯಲ್ಲಿ ಇದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ. ತಿಂದವರಿಗೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು, ವಾಂತಿ ಬರಬಹುದು. ಎಷ್ಟು ಹುರಿದರೂ ಕುದಿಸಿದರೂ ಅದು ಹೋಗುವುದಿಲ್ಲ. ಎಂಟೂವರೆಯಿಂದ ಒಂದು ಗಂಟೆ ತನಕ ಐಸ್ ಇಲ್ಲದೆ ಬಿಸಿಲಲ್ಲಿ ತಿರುಗಿದ ಬಂಗುಡೆಯನ್ನು ಅರ್ಧ ರೇಟಿಗೂ ಕೊಡಬೇಡಿ. ಬಾಕ್ಸ್ ಬರುವ ತನಕ 70 ಕಿಲೋ ಮಾತ್ರ ತನ್ನಿ, ಐಸ್ 50 ಕಿಲೋನೇ ಇರಲಿ. ಮೀನಿಗೆ 21 ಕಿಲೋ ಹೋಗಿ 26 ಉಳಿಯುತ್ತದೆ, ಒಂಬತ್ತೂವರೆ ತನಕ ಬರುತ್ತದೆ. ತೀರ್ಥಹಳ್ಳಿಯಲ್ಲಿ ಅದು ಮುಗಿಯುವ ಮೊದಲೇ ಇನ್ನೊಂದು 20–25 ಕಿಲೋ ಐಸ್ ಸಿಗುವ ವ್ಯವಸ್ಥೆ ಮಾಡಿಕೊಂಡರೆ ಒಂದು ಗಂಟೆ ತನಕ ಧೈರ್ಯವಾಗಿ ಮಾರಬಹುದು.

ಬಾಕ್ಸ್ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ, ಅಂಗಡಿಯವರ ಮಾತು ನಂಬಬೇಕಾಗಿಲ್ಲ. ಯಾರಿಂದಾದರೂ ಅಂಥದ್ದೇ ಬಾಕ್ಸ್ ಒಂದು ದಿನಕ್ಕೆ ಕೇಳಿ ತನ್ನಿ. ಮೀನು ಹಾಕದೆ 15 ಕಿಲೋ ಪುಡಿ ಐಸ್ ಮಾತ್ರ ಹಾಕಿ ಮುಚ್ಚಿ. ಮೊದಲ ಒಂದು ಗಂಟೆಯ ನೀರನ್ನು ಚೆಲ್ಲಿಬಿಡಿ, ಅದು ಬಾಕ್ಸಿನ ಒಳಗೋಡೆ ತಣ್ಣಗಾಗಲು ಹೋದದ್ದು. ಆಮೇಲೆ ನಾಲ್ಕು ಗಂಟೆ ಬಿರಡೆಯಿಂದ ಬರುವ ನೀರನ್ನು ಬಕೆಟಿಗೆ ಹಿಡಿದು ತೂಗಿ, ನಾಲ್ಕರಿಂದ ಭಾಗಿಸಿ. ಅದೇ ನಿಮ್ಮ ಬಾಕ್ಸ್ ಗಂಟೆಗೆ ತಿನ್ನುವ ಐಸ್. ನಿಮ್ಮ ನಾಲ್ಕು ಕ್ರೇಟನ್ನೂ ಜೋಡಿಸಿ ಹೀಗೇ ಮಾಡಿ, ಕೆಳಗೆ ಒಂದು ತಟ್ಟೆ ಇಟ್ಟು; ಅಲ್ಲಿ ಐಸ್ ಬೇಗ ಹೋಗುವುದರಿಂದ ನಡುವೆ ಮುಗಿಯದಷ್ಟು ಜಾಸ್ತಿ ಹಾಕಿ. ನಾನು ಹೇಳಿದ 6 ಕಿಲೋ ಅಂದಾಜು ನಿಮ್ಮ ಗಾಡಿಯಲ್ಲಿ 5 ಇರಬಹುದು, 7 ಇರಬಹುದು. ಮಗಳು ಆ ನೀರಿನ ತೂಕವನ್ನು 334ರಿಂದ ಗುಣಿಸಿ ವ್ಯಾಟ್‌ಗೆ ತರಲಿ. ಎರಡೂ ಅಂಕಿ ಬರೆದು ಕಳಿಸಿ, ಬೇಸಿಗೆಗೆ ಎಷ್ಟು ಐಸ್, ಮಳೆಗಾಲಕ್ಕೆ ಎಷ್ಟು ಅಂತ ಒಂದು ಪಟ್ಟಿ ಮಾಡಿ ಕೊಡುತ್ತೇನೆ. ಗಾಡಿಯ ಬಾಗಿಲಿಗೆ ಅಂಟಿಸಿಕೊಳ್ಳಬಹುದು.